ಹದಿನೆಂಟಕ್ಕೆ ಪ್ರಧಾನಿಯನ್ನು ಆರಿಸಬಹುದು, ಕಾಲೇಜಿನಲ್ಲಿ ಮಾತ್ರ ಕೈಕಟ್ಟಿ ಕೂರಬೇಕು!

1988ರ ಡಿಸೆಂಬರ್ ತಿಂಗಳು. ಲೋಕಸಭೆಯಲ್ಲಿ ಸಂವಿಧಾನ ತಿದ್ದುಪಡಿ ಮಸೂದೆಯೊಂದು ಮಂಡನೆಯಾಯ್ತು. ಮಂಡಿಸಿದವರು ಯಾರು ಗೊತ್ತಾ? ನಮ್ಮ ಚಿಕ್ಕೋಡಿಯ ಸಂಸದ ಬಿ. ಶಂಕರಾನಂದ. ಒಂದೇ ಕ್ಷೇತ್ರದಿಂದ ಏಳು ಸಲ ಗೆದ್ದವರು. ಆಗ ರಾಜೀವ್ ಗಾಂಧಿ ಸಂಪುಟದಲ್ಲಿ ಜಲಸಂಪನ್ಮೂಲ ಸಚಿವರು. ಮಸೂದೆ ತುಂಬಾ ಸಣ್ಣದು. ಸಂವಿಧಾನದ 326ನೇ ವಿಧಿಯಲ್ಲಿ ಇಪ್ಪತ್ತೊಂದು ವರ್ಷ ಅಂತ ಇರುವ ಕಡೆ ಹದಿನೆಂಟು ವರ್ಷ ಅಂತ ಓದಿಕೊಳ್ಳಬೇಕು. ಅಷ್ಟೇ.

ಅದಕ್ಕೆ ಕೊಟ್ಟ ಕಾರಣ ಇನ್ನೂ ಸ್ವಾರಸ್ಯವಾಗಿದೆ. ಇಂದಿನ ಯುವಕರು ಅಕ್ಷರಸ್ಥರು, ತಿಳಿವಳಿಕೆ ಉಳ್ಳವರು, ಅವರಿಗೆ ರಾಜಕೀಯ ಪ್ರಜ್ಞೆ ಇದೆ. ಅವರ ಮನಸ್ಸಿನಲ್ಲಿರುವುದು ಹೊರಗೆ ಬರಲು ಒಂದು ದಾರಿ ಬೇಕು. ಕೆಲವು ರಾಜ್ಯಗಳು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಹದಿನೆಂಟು ವರ್ಷವನ್ನು ಆಗಲೇ ಒಪ್ಪಿಕೊಂಡಿವೆ. ಮಸೂದೆಯ ಜೊತೆಗಿದ್ದ ಹೇಳಿಕೆಯ ಸಾರಾಂಶ ಇದು. ಅದೇ ತಿಂಗಳು ಎರಡೂ ಸದನಗಳು ಒಪ್ಪಿದವು. 1989ರ ಮಾರ್ಚ್ 28ರಿಂದ 61ನೇ ತಿದ್ದುಪಡಿ ಜಾರಿಗೆ ಬಂತು. ಆ ನವೆಂಬರ್‌ನಲ್ಲಿ ಹದಿನೆಂಟರ ಹುಡುಗ ಹುಡುಗಿಯರು ಮೊದಲ ಸಲ ಲೋಕಸಭೆಗೆ ಓಟು ಹಾಕಿದರು. ಓಟು ಕೊಟ್ಟ ಸರ್ಕಾರವೇ ಬಹುಮತ ಕಳೆದುಕೊಂಡಿತು. ಪ್ರಜಾಪ್ರಭುತ್ವದ ಮಜಾ ನೋಡಿ!

ಈಗ ಕ್ಯಾಮೆರಾವನ್ನು ದೆಹಲಿಯಿಂದ ಬೆಂಗಳೂರಿಗೆ ತಿರುಗಿಸೋಣ. ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಅಂದರೆ 1989–90ರ ಸುಮಾರಿಗೆ, ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆಗಳು ನಿಂತವು. ಕ್ಯಾಂಪಸ್‌ನಲ್ಲಿ ಹೊಡೆದಾಟ ಜಾಸ್ತಿಯಾಗಿದೆ, ಜಾತಿ ಬಂದಿದೆ, ಪಕ್ಷಗಳು ಒಳಗೆ ನುಗ್ಗಿವೆ, ಓದು ಹಾಳಾಗುತ್ತಿದೆ ಎಂಬುದು ಕಾರಣ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹದಿನೆಂಟರ ಹುಡುಗನಿಗೆ ಪ್ರಜ್ಞೆ ಇದೆ, ಪ್ರಧಾನಿಯನ್ನು ಆರಿಸಲಿ ಅಂತ ದೇಶ ಹೇಳಿತು. ಅದೇ ಹುಡುಗನಿಗೆ ಕಾಲೇಜಿನ ಗೇಟಿನ ಒಳಗೆ ಪ್ರಜ್ಞೆ ಇಲ್ಲ, ತನ್ನ ಪ್ರತಿನಿಧಿಯನ್ನೂ ಆರಿಸಬಾರದು ಅಂತ ರಾಜ್ಯ ಹೇಳಿತು. ಮೂರೂವರೆ ದಶಕ ಕಳೆದರೂ ಈ ವಿರೋಧಾಭಾಸ ನಮ್ಮನ್ನು ಬಿಟ್ಟಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು. ದೇಶೀ ಸಂಸ್ಥಾನವೊಂದು ಕಟ್ಟಿದ ಮೊದಲ ವಿಶ್ವವಿದ್ಯಾಲಯ ಇದು. ಒಳ್ಳೆಯ ಅಧಿಕಾರಿಗಳು, ಮೇಷ್ಟ್ರುಗಳು, ಎಂಜಿನಿಯರುಗಳು ಇಲ್ಲಿಂದ ಬರಬೇಕು ಅನ್ನೋದು ನಿರೀಕ್ಷೆ. ಬಂದರು ಕೂಡ. ಆದರೆ ಯೋಚಿಸೋದನ್ನ ಕಲಿಸಿದ ಮೇಲೆ ಯಾವ ವಿಷಯದ ಬಗ್ಗೆ ಯೋಚಿಸಬೇಕು ಅಂತ ಪಟ್ಟಿ ಕೊಡೋಕಾಗಲ್ಲ.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗೌರಿಬಿದನೂರು ಕಡೆಯ ಬಡ ಹುಡುಗನೊಬ್ಬ ಬಿಎಸ್ಸಿ ಆನರ್ಸ್ ಓದುತ್ತಿದ್ದ. ತರಗತಿ ಬಿಟ್ಟ, ಚಳವಳಿಗೆ ಧುಮುಕಿದ, ಜೈಲಿಗೆ ಹೋದ. ಬಿಡುಗಡೆಯಾದ ಮೇಲೆ ವಾಪಸ್ ಬಂದು ಓದು ಮುಗಿಸಿದ. ಆ ಹುಡುಗನೇ ಎಚ್. ನರಸಿಂಹಯ್ಯ. ನಾವೆಲ್ಲ ಪ್ರೀತಿಯಿಂದ ಕರೆಯುವ ಎಚ್ಚೆನ್. 1970ರ ದಶಕದಲ್ಲಿ ಅವರೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು 1976ರಲ್ಲಿ ವಿಶ್ವವಿದ್ಯಾಲಯದಿಂದಲೇ ಒಂದು ಸಮಿತಿ ಮಾಡಿದರು. ದೇಶವೆಲ್ಲ ಆ ಸಮಿತಿ ಬಗ್ಗೆ ಮಾತಾಡಿತು. ತರಗತಿ ಬಿಟ್ಟು ಬೀದಿಗೆ ಇಳಿದ ಹುಡುಗ ಕೆಟ್ಟು ಹೋಗಲಿಲ್ಲ ಸ್ವಾಮಿ, ಕುಲಪತಿಯಾದ. ಪ್ರಶ್ನೆ ಕೇಳುವ ಅಭ್ಯಾಸ ಇದ್ದದ್ದರಿಂದಲೇ ಅಂಥ ಕುಲಪತಿಯಾದ ಅನ್ನೋದು ನನ್ನ ನಂಬಿಕೆ.

1947ಕ್ಕೆ ಬನ್ನಿ. ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರು ಸಂಸ್ಥಾನದಲ್ಲಿ ಮಾತ್ರ ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ ಇನ್ನೂ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ. ಆ ಹೋರಾಟದಲ್ಲಿ ಮೈಸೂರಿನಲ್ಲಿ ಗುಂಡೇಟಿಗೆ ಬಿದ್ದವನು ರಾಮಸ್ವಾಮಿ ಎಂಬ ವಿದ್ಯಾರ್ಥಿ. ಓಟು ಹಾಕುವ ವಯಸ್ಸೂ ಆಗಿರಲಿಲ್ಲ. ಆ ಅಕ್ಟೋಬರ್‌ನಲ್ಲೇ ಕೆ.ಸಿ. ರೆಡ್ಡಿ ನೇತೃತ್ವದ ಜನಪ್ರತಿನಿಧಿ ಸರ್ಕಾರ ಬಂತು. ಮೈಸೂರಿನ ರಾಮಸ್ವಾಮಿ ವೃತ್ತ ಇವತ್ತಿಗೂ ಇದೆ. ಎಷ್ಟೋ ಕಾಲೇಜು ಮಕ್ಕಳು ದಿನಾ ಅಲ್ಲಿ ಬಸ್ ಇಳಿದು ಹೋಗ್ತಾರೆ. ರಾಮಸ್ವಾಮಿ ಯಾರು ಅಂತ ಅವರನ್ನೊಮ್ಮೆ ಕೇಳಿ ನೋಡಿ.

ಸ್ವಾತಂತ್ರ್ಯ ಬಂದ ಮೇಲೆ ಆಳುವವರಿಗೆ ಬೇರೆ ತಲೆನೋವು ಶುರುವಾಯ್ತು. ಈ ಹುಡುಗರ ಶಕ್ತಿಯನ್ನು ಈಗ ಏನು ಮಾಡೋದು? ಬ್ರಿಟಿಷರ ವಿರುದ್ಧ ಘೋಷಣೆ ಕೂಗಿದ್ದ ಗಂಟಲು ಈಗ ನಮ್ಮ ವಿರುದ್ಧ ಕೂಗಿದರೆ? ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಆಗಲೇ ಒಂದು ದಾರಿ ತೋರಿಸಿತ್ತು. ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ಸಮಾಜದ ಕೆಲಸ ಮಾಡಲಿ ಅಂತ. ಇದೇ ರಾಧಾಕೃಷ್ಣನ್ ಒಂದು ಕಾಲಕ್ಕೆ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಆ ವಿಚಾರ ಸಮಿತಿಯಿಂದ ಸಮಿತಿಗೆ ಓಡಾಡಿ, ಕೊನೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆಯಾಗಿ ಹುಟ್ಟಿತು. ನಮ್ಮೆಲ್ಲರಿಗೂ ಗೊತ್ತಿರುವ ಎನ್‌ಎಸ್‌ಎಸ್. 37 ವಿಶ್ವವಿದ್ಯಾಲಯ, 40 ಸಾವಿರ ವಿದ್ಯಾರ್ಥಿಗಳಿಂದ ಆರಂಭ. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ, ಅರ್ಥಶಾಸ್ತ್ರಜ್ಞ ಡಾ. ವಿ.ಕೆ.ಆರ್.ವಿ. ರಾವ್. ಅವರು ಗೆದ್ದು ಹೋಗಿದ್ದ ಕ್ಷೇತ್ರ ನಮ್ಮ ಬಳ್ಳಾರಿ. ಬೆಂಗಳೂರಿನ ಐಸೆಕ್ ಸಂಸ್ಥೆಯನ್ನು ಮುಂದೆ ಕಟ್ಟಿದವರೂ ಅವರೇ.

ನೋಡಿ, ಎರಡು ದೊಡ್ಡ ತಿರುವು, ಎರಡರಲ್ಲೂ ಕರ್ನಾಟಕದ ಸಂಸದರು. ಸೇವೆಯ ಬಾಗಿಲು ತೆರೆದವರು ಬಳ್ಳಾರಿಯಿಂದ ಗೆದ್ದವರು. ಓಟಿನ ಬಾಗಿಲು ತೆರೆಯುವ ಮಸೂದೆ ತಂದವರು ಚಿಕ್ಕೋಡಿಯಿಂದ ಗೆದ್ದವರು.

ಎನ್‌ಎಸ್‌ಎಸ್ ಬಗ್ಗೆ ನನಗೆ ಗೌರವ ಇದೆ. ಎರಡು ವರ್ಷಕ್ಕೆ 240 ಗಂಟೆ ಕೆಲಸ, ಹಳ್ಳಿಯಲ್ಲಿ ಏಳು ದಿನದ ಕ್ಯಾಂಪು. ರಸ್ತೆ, ಚರಂಡಿ, ಗಿಡ, ರಕ್ತದಾನ. ಪೇಟೆಯ ಎಷ್ಟೋ ಮಕ್ಕಳು ಹಳ್ಳಿಯ ಸರ್ಕಾರಿ ಶಾಲೆಯ ನೆಲದ ಮೇಲೆ ಮಲಗಿದ್ದು ಅದೊಂದೇ ವಾರ. ಅಡುಗೆಗೆ ತರಕಾರಿ ಹೆಚ್ಚಿದ್ದು, ಗುದ್ದಲಿ ಹಿಡಿದು ಕೈ ಬೊಬ್ಬೆ ಬರಿಸಿಕೊಂಡಿದ್ದು, ಊರ ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದಿದ್ದು ಯಾರೂ ಮರೆಯಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಚರಂಡಿ ಕ್ಲೀನ್ ಮಾಡೋದು ಸೇವೆ. ಈ ಚರಂಡಿಗೆ ಬಂದ ದುಡ್ಡು ಎಲ್ಲಿ ಹೋಯ್ತು ಅಂತ ಗ್ರಾಮ ಪಂಚಾಯ್ತಿಯಲ್ಲಿ ಕೇಳೋದು ನಾಗರಿಕತನ. ಮೊದಲನೆಯದಕ್ಕೆ ಸರ್ಟಿಫಿಕೇಟ್ ಸಿಗುತ್ತೆ. ಎರಡನೆಯದಕ್ಕೆ ಪ್ರಿನ್ಸಿಪಾಲರಿಂದ ಬುಲಾವ್ ಬರುತ್ತೆ.

ಎಪ್ಪತ್ತರ ದಶಕದಲ್ಲಿ ಈ ಎರಡನೆಯ ಶಕ್ತಿ ಸ್ಫೋಟವಾಯ್ತು. 1973ರ ಡಿಸೆಂಬರ್, ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜು. ಹಾಸ್ಟೆಲ್ ಊಟದ ಶುಲ್ಕ ಶೇಕಡ 20ರಷ್ಟು ಏರಿತು. ಹುಡುಗರು ಸ್ಟ್ರೈಕ್ ಮಾಡಿದರು. ನಾನೂ ಎಂಜಿನಿಯರಿಂಗ್ ಓದಿದವನು, ಹಾಸ್ಟೆಲ್ ಮೆಸ್ ಬಿಲ್ ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತು. ಆದರೆ ಒಂದು ಮೆಸ್ ಬಿಲ್ಲು ರಾಜ್ಯ ಸರ್ಕಾರವನ್ನೇ ಉರುಳಿಸಬಹುದು ಅಂತ ಯಾರು ಅಂದುಕೊಂಡಿದ್ದರು? ಬೆಲೆ ಏರಿಕೆ, ಭ್ರಷ್ಟಾಚಾರ ಎಲ್ಲ ಸೇರಿಕೊಂಡು ನವನಿರ್ಮಾಣ ಚಳವಳಿಯಾಯ್ತು. 1974ರ ಫೆಬ್ರವರಿ 9ರಂದು ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ಟರು. ಮಾರ್ಚ್‌ನಲ್ಲಿ ವಿಧಾನಸಭೆಯೇ ವಿಸರ್ಜನೆ.

ಅದೇ ಮಾರ್ಚ್‌ನಲ್ಲಿ ಕಿಡಿ ಬಿಹಾರಕ್ಕೆ ಹಾರಿತು. ವಿದ್ಯಾರ್ಥಿಗಳು ಜಯಪ್ರಕಾಶ್ ನಾರಾಯಣರ ಮನೆ ಬಾಗಿಲಿಗೆ ಹೋದರು. ಜೂನ್ 5ರಂದು ಪಾಟ್ನಾದ ಗಾಂಧಿ ಮೈದಾನದಲ್ಲಿ ಸಂಪೂರ್ಣ ಕ್ರಾಂತಿಯ ಕರೆ. ಪಾಟ್ನಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಅಧ್ಯಕ್ಷ ಆಗ ಲಾಲು ಪ್ರಸಾದ್ ಯಾದವ್. ಪ್ರಧಾನ ಕಾರ್ಯದರ್ಶಿ ಸುಶೀಲ್ ಮೋದಿ. ಅದೇ ಊರಿನಲ್ಲಿ ಎಂಜಿನಿಯರಿಂಗ್ ಓದಿದ ನಿತೀಶ್ ಕುಮಾರ್ ಕೂಡ ಈ ಚಳವಳಿಯಲ್ಲೇ ಬೆಳೆದವರು. ಮುಂದಿನ ಐವತ್ತು ವರ್ಷ ಬಿಹಾರದಲ್ಲಿ ಒಬ್ಬರನ್ನೊಬ್ಬರು ಎದುರಿಸಿದವರೆಲ್ಲ ಒಂದೇ ಕ್ಯಾಂಪಸ್ ಗಾಳಿ ಉಂಡವರು. ದೆಹಲಿ ವಿಶ್ವವಿದ್ಯಾಲಯದ ಸಂಘಕ್ಕೆ 1974ರಲ್ಲಿ ಅಧ್ಯಕ್ಷರಾಗಿದ್ದವರು ಅರುಣ್ ಜೇಟ್ಲಿ. ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿದರು. ನಮ್ಮಲ್ಲಿ ಅನಂತಕುಮಾರ್ ಕೂಡ ವಿದ್ಯಾರ್ಥಿ ಪರಿಷತ್ತಿನ ಕಾರ್ಯಕರ್ತರಾಗಿ ಆಗ ಜೈಲು ಕಂಡವರು. ಆಮೇಲೆ ಎಂಬತ್ತರ ದಶಕದ ಬೆಂಗಳೂರಿನಲ್ಲಿ ಕಾಂಗ್ರೆಸ್ ವಿದ್ಯಾರ್ಥಿ ಸಂಘಟನೆಯಿಂದ ಮೇಲೆ ಬಂದವರು ಡಿ.ಕೆ. ಶಿವಕುಮಾರ್. ಪಕ್ಷ ಯಾವುದೇ ಇರಲಿ, ಗರಡಿ ಮನೆ ಒಂದೇ.

ಆ ಹೊತ್ತಿನಲ್ಲಿ ಕರ್ನಾಟಕದ ಕ್ಯಾಂಪಸ್‌ಗಳು ಹೇಗಿದ್ದವು? ಅಹಮದಾಬಾದಿನ ಸ್ಟ್ರೈಕ್‌ಗೆ ಒಂದು ತಿಂಗಳ ಹಿಂದೆ, 1973ರ ನವೆಂಬರ್‌ನಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಒಂದು ಮಾತಾಡಿದರು. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂತ. ರಾಜ್ಯದ ಕಾಲೇಜುಗಳು ಹೊತ್ತಿ ಉರಿದವು. ಬಸವಲಿಂಗಪ್ಪ ದಲಿತ ನಾಯಕರು. ಭಾಷೆಯ ಅಭಿಮಾನದ ಹೆಸರಲ್ಲಿ ಶುರುವಾದದ್ದು ಜಾತಿಯ ಜಗಳವಾಗಿ, ದಲಿತ ವಿದ್ಯಾರ್ಥಿಗಳ ಮೇಲೆ, ಹಾಸ್ಟೆಲ್‌ಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯ್ತು. ಕುವೆಂಪು ಮಾತ್ರ ಬಸವಲಿಂಗಪ್ಪನವರ ಪರ ನಿಂತರು. ಅದೇ ನೋವಿನಿಂದ, ಅದೇ ಹಾಸ್ಟೆಲ್ ಕೋಣೆಗಳಿಂದ ದಲಿತ ಸಂಘರ್ಷ ಸಮಿತಿಯ ತಲೆಮಾರು ಎದ್ದು ಬಂತು. ಕನ್ನಡದ ದಲಿತ ಸಾಹಿತ್ಯ, ದಲಿತ ಹೋರಾಟ ಎರಡಕ್ಕೂ ಅಲ್ಲಿಂದ ಹೊಸ ಕಸುವು ಬಂತು.

ಇದನ್ನ ಯಾಕೆ ಹೇಳ್ತಿದ್ದೀನಿ? ಕ್ಯಾಂಪಸ್ ರಾಜಕೀಯ ಅಂದ್ರೆ ಬರೀ ಹೂವಿನ ಹಾಸಿಗೆ ಅಂತ ನಾನು ಹೇಳೋಕೆ ಹೊರಟಿಲ್ಲ. ಗುಜರಾತಿನಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ನಮ್ಮಲ್ಲಿ ಬೂಸಾ ಗಲಾಟೆಯಲ್ಲಿ ದಲಿತ ಹುಡುಗರು ಏಟು ತಿಂದರು. ಬಹಳ ಇತ್ತೀಚೆಗೆ, 2006ರ ಆಗಸ್ಟ್‌ನಲ್ಲಿ, ಉಜ್ಜಯಿನಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿ ಚುನಾವಣೆಯ ಗಲಾಟೆಯಲ್ಲಿ ಪ್ರಾಧ್ಯಾಪಕರೊಬ್ಬರ ಪ್ರಾಣವೇ ಹೋಯ್ತು. ಮಗನನ್ನು, ಮಗಳನ್ನು ಸಾಲ ಮಾಡಿ ಕಾಲೇಜಿಗೆ ಕಳಿಸಿರುವ ಅಪ್ಪ ಅಮ್ಮ "ನಮಗೆ ಇದೆಲ್ಲ ಬೇಡ" ಅಂದರೆ ಅದರಲ್ಲಿ ತಪ್ಪೇನಿದೆ? ಅವರ ಭಯ ಸುಳ್ಳಲ್ಲ.

ಆದರೆ ಪ್ರಶ್ನೆ ಇರೋದು ಮುಂದೆ. ವಿಧಾನಸಭೆ ಚುನಾವಣೆಯಲ್ಲಿ ದುಡ್ಡು ಹಂಚುತ್ತಾರೆ, ಕುಕ್ಕರ್ ಹಂಚುತ್ತಾರೆ, ತಲೆ ಒಡೆಯುತ್ತಾರೆ. ಅದಕ್ಕೆ ವಿಧಾನಸಭೆ ಚುನಾವಣೆಯನ್ನೇ ನಿಲ್ಲಿಸಿಬಿಟ್ಟೆವಾ? ಇಲ್ಲ. ಚುನಾವಣಾ ಆಯೋಗವನ್ನು ಬಲಪಡಿಸಿದೆವು, ನೀತಿಸಂಹಿತೆ ತಂದೆವು. ನೆಗಡಿ ಬಂತು ಅಂತ ಮೂಗನ್ನೇ ಕೊಯ್ದುಕೊಂಡಿದ್ದು ಕಾಲೇಜಿನ ವಿಷಯದಲ್ಲಿ ಮಾತ್ರ.

ಔಷಧಿ ಇರಲಿಲ್ಲವಾ? ಇತ್ತು. ಸುಪ್ರೀಂ ಕೋರ್ಟ್ ನಿರ್ದೇಶನದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ. 2006ರಲ್ಲಿ ವರದಿ ಬಂತು, ಅದೇ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಲು ಆದೇಶಿಸಿತು. ಏನಿತ್ತು ಅದರಲ್ಲಿ? ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ್ದು ಹೆಚ್ಚೆಂದರೆ 5000 ರೂಪಾಯಿ. ಪ್ರಿಂಟ್ ಮಾಡಿಸಿದ ಪೋಸ್ಟರ್ ಇಲ್ಲ, ಕೈಯಲ್ಲೇ ಬರೆಯಬೇಕು, ಅದೂ ಗೊತ್ತುಪಡಿಸಿದ ಜಾಗದಲ್ಲಿ. ಪಕ್ಷಗಳ ದುಡ್ಡು ಮುಟ್ಟುವಂತಿಲ್ಲ. ಶೇಕಡ 75 ಹಾಜರಾತಿ ಇರಬೇಕು, ಆ ವರ್ಷ ಬಾಕಿ ಉಳಿಸಿಕೊಂಡ ವಿಷಯ ಇರಬಾರದು, ಕ್ರಿಮಿನಲ್ ಹಿನ್ನೆಲೆ ಇರಬಾರದು. ಪದವಿ ವಿದ್ಯಾರ್ಥಿಗೆ ವಯಸ್ಸಿನ ಮಿತಿ 22. ಪದಾಧಿಕಾರಿಯಾಗಲು ಒಂದೇ ಅವಕಾಶ. ನಾಮಪತ್ರದಿಂದ ಫಲಿತಾಂಶದವರೆಗೆ ಹತ್ತು ದಿನದೊಳಗೆ ಎಲ್ಲ ಮುಗಿಯಬೇಕು. ವಾತಾವರಣ ಸರಿಯಿಲ್ಲದ ಕಡೆ ನಾಮನಿರ್ದೇಶನ ಮಾಡಬಹುದು, ಆದರೆ ಅದು ತಾತ್ಕಾಲಿಕ ವ್ಯವಸ್ಥೆ ಅಷ್ಟೇ, ಕೊನೆಗೆ ಚುನಾವಣೆಗೇ ಬರಬೇಕು.

ಈ ನಿಯಮ ನಮ್ಮ ಗ್ರಾಮ ಪಂಚಾಯ್ತಿ ಚುನಾವಣೆಗೆ ಹಾಕಿದರೆ ಎಷ್ಟು ಜನ ನಿಲ್ಲೋಕೆ ಅರ್ಹರಾಗ್ತಾರೆ, ನೀವೇ ಲೆಕ್ಕ ಹಾಕಿ!

ನಿಯಮ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗಲ್ಲ ಅನ್ನೋದೂ ನಿಜ. 2024ರಲ್ಲಿ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚುನಾವಣೆ ನಡೀತು. ಗೋಡೆ, ಮೆಟ್ರೋ ಕಂಬ ಎಲ್ಲ ಕಡೆ ಪೋಸ್ಟರ್. ದೆಹಲಿ ಹೈಕೋರ್ಟ್ ಏನು ಮಾಡಿತು? ಮತ ಎಣಿಕೆಯನ್ನೇ ತಡೆಹಿಡಿಯಿತು. ಮೊದಲು ಗೋಡೆ ಕ್ಲೀನ್ ಮಾಡಿ, ಆಮೇಲೆ ಎಣಿಕೆ. ಸೆಪ್ಟೆಂಬರ್‌ನಲ್ಲಿ ಹಾಕಿದ ಓಟಿನ ಫಲಿತಾಂಶ ಬಂದಿದ್ದು ನವೆಂಬರ್ ಕೊನೆಗೆ. ಇದಕ್ಕಿಂತ ಒಳ್ಳೆಯ ಪೌರನೀತಿ ಪಾಠ ಯಾವ ಪುಸ್ತಕದಲ್ಲಿದೆ? ತಪ್ಪು ಮಾಡಿದ ಹುಡುಗರೇ ಬಕೆಟ್ ಹಿಡಿದು ಗೋಡೆ ತೊಳೆಯಬೇಕು. ಅಲ್ಲಿ ಚುನಾವಣೆ ಇದ್ದದ್ದಕ್ಕೇ ಆ ಪಾಠ ಸಿಕ್ಕಿತು.

ನಮ್ಮಲ್ಲಿ ಏನಾಯ್ತು? ಚುನಾವಣೆ ಹೋದ ಜಾಗಕ್ಕೆ ಹೆಚ್ಚಿನ ಕಾಲೇಜುಗಳಲ್ಲಿ ನಾಮನಿರ್ದೇಶನ ಬಂತು. ಸಿಆರ್, ಅಂದರೆ ತರಗತಿಯ ಪ್ರತಿನಿಧಿ ಯಾರಾಗಬೇಕು? ಜಾಸ್ತಿ ಮಾರ್ಕ್ಸ್ ತೆಗೆದವನು, ಇಲ್ಲಾಂದ್ರೆ ಲೆಕ್ಚರರ್ ಮಾತು ಕೇಳುವವಳು. ಅವರ ಕೆಲಸ ಏನು? ಅಟೆಂಡೆನ್ಸ್ ಶೀಟ್ ತರೋದು, ಅಸೈನ್‌ಮೆಂಟ್ ಕಲೆಕ್ಟ್ ಮಾಡೋದು, ಫ್ರೆಶರ್ಸ್ ಡೇಗೆ ದುಡ್ಡು ಎತ್ತೋದು, ಕನ್ನಡ ರಾಜ್ಯೋತ್ಸವಕ್ಕೆ ಬ್ಯಾನರ್ ಕಟ್ಟಿಸೋದು. ನನ್ನ ತಲೆಮಾರಿನ ಎಂಜಿನಿಯರಿಂಗ್ ಹುಡುಗರನ್ನ ಯಾರನ್ನಾದರೂ ಕೇಳಿ, ಇದೇ ಕಥೆ ಹೇಳ್ತಾರೆ. ಸರ್ಕ್ಯೂಟ್ ಡಿಸೈನ್ ಮಾಡೋಕೆ ಲ್ಯಾಬ್ ಇತ್ತು. ಕೈಯಲ್ಲಿ ವೈರ್ ಹಿಡಿದು, ಫ್ಯೂಸ್ ಸುಟ್ಟು, ಮತ್ತೆ ಜೋಡಿಸಿ ಕಲಿತೆವು. ಪ್ರಜಾಪ್ರಭುತ್ವಕ್ಕೆ ಮಾತ್ರ ಥಿಯರಿ ಪೇಪರ್. ಭಾರತದ ಸಂವಿಧಾನ ಅಂತ ಒಂದು ಸಬ್ಜೆಕ್ಟ್, ಹಿಂದಿನ ರಾತ್ರಿ ಓದಿದರೂ ಪಾಸು.

ಚುನಾವಣೆಯಿಂದ ನಾಯಕರು ಹುಟ್ಟುತ್ತಾರೆ ಅಂತ ಎಲ್ಲರೂ ಹೇಳ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣೋದು ಸೋಲು. ಕಾಲೇಜು ಚುನಾವಣೆಯಲ್ಲಿ ಒಬ್ಬ ಗೆದ್ದರೆ ಮೂರು ಜನ ಸೋಲ್ತಾರೆ. ಸೋತ ಮರುದಿನ ಅದೇ ಬೆಂಚಿನಲ್ಲಿ ಗೆದ್ದವನ ಪಕ್ಕ ಕೂರಬೇಕು, ಅವನ ಜೊತೆ ಟೀ ಕುಡಿಯಬೇಕು. ಓಟು ಹಾಕಿದವರು ಆರು ತಿಂಗಳ ಮೇಲೆ ಬಂದು ಲೆಕ್ಕ ಕೇಳಬೇಕು. ಲೈಬ್ರರಿ ಸಂಜೆ ಎಂಟರವರೆಗೆ ತೆಗೀತೀನಿ ಅಂದಿದ್ದೆ, ಎಲ್ಲಿ ತೆಗೆದೆ? ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತೆ ಅಂದೆ, ಎಲ್ಲಿ ಬಂತು? ಈ ಪ್ರಶ್ನೆ ಇಪ್ಪತ್ತನೇ ವಯಸ್ಸಿನಲ್ಲಿ ಕೇಳಿ ರೂಢಿಯಾದವರು ನಲವತ್ತರಲ್ಲಿ ಕಾರ್ಪೊರೇಟರ್‌ಗೂ ಕೇಳ್ತಾರೆ, ಶಾಸಕನಿಗೂ ಕೇಳ್ತಾರೆ. ರೂಢಿಯೇ ಇಲ್ಲದವರು ಟಿವಿ ಮುಂದೆ ಕೂತು ಬೈತಾರೆ. ಟಿವಿಯವನಾಗಿ ನಾನೇ ಹೇಳ್ತಿದ್ದೀನಿ, ಅದರಿಂದ ಏನೂ ಆಗಲ್ಲ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬಿದ್ದಿದೆ. ಸಾಮಾನ್ಯರ ಮನೆಯ ಹುಡುಗ ರಾಜಕೀಯಕ್ಕೆ ಬರೋಕೆ ಹಿಂದೆ ಒಂದು ಸಣ್ಣ ಬಾಗಿಲಿತ್ತು, ಕಾಲೇಜು ಯೂನಿಯನ್. ದುಡ್ಡು ಬೇಡ, ಮಾತು ಬೇಕು, ಓಡಾಟ ಬೇಕು, ನಾಲ್ಕು ಜನರ ವಿಶ್ವಾಸ ಬೇಕು. ಆ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಯಾವುದು? ಅಪ್ಪನ ಕ್ಷೇತ್ರ, ಮಾವನ ಪಕ್ಷ, ರಿಯಲ್ ಎಸ್ಟೇಟ್ ದುಡ್ಡು. ನಮ್ಮ ಮೂರೂ ಪಕ್ಷಗಳ ಟಿಕೆಟ್ ಪಟ್ಟಿ ನೋಡಿ, ಮಗ, ಮಗಳು, ಸೊಸೆ, ಅಳಿಯ ಎಷ್ಟು ಜನ ಅಂತ ಎಣಿಸಿ. ಕುಟುಂಬ ರಾಜಕಾರಣಕ್ಕೆ ಬೇರೆ ಕಾರಣಗಳೂ ಇವೆ, ಒಪ್ಪೋಣ. ಆದರೆ ಹೊಸಬರ ದಾರಿ ನಾವೇ ಕಡಿದು ಹಾಕಿ, ಹೊಸಬರು ಬರ್ತಿಲ್ಲ ಅಂತ ಕೊರಗೋದು ಯಾವ ನ್ಯಾಯ?

ಈಗಿನ ವ್ಯವಸ್ಥೆ ಇದಕ್ಕೆ ಕೊಡುವ ಉತ್ತರ ಜಾಗೃತಿ ಕಾರ್ಯಕ್ರಮ. 2011ರಿಂದ ಜನವರಿ 25 ರಾಷ್ಟ್ರೀಯ ಮತದಾರರ ದಿನ. ಕಾಲೇಜುಗಳಲ್ಲಿ ಪ್ರತಿಜ್ಞೆ, ರಂಗೋಲಿ, ಜಾಥಾ, ಸೆಲ್ಫಿ. ಒಳ್ಳೆಯದೇ, ಮಾಡಲಿ. ಆದರೆ 2024ರ ಲೋಕಸಭಾ ಚುನಾವಣೆಯ ಲೆಕ್ಕ ನೋಡಿ. ಇಡೀ ಕರ್ನಾಟಕದಲ್ಲಿ ಶೇಕಡ 70ರ ಮೇಲೆ ಮತದಾನ. ಮಂಡ್ಯದಲ್ಲಿ 81 ದಾಟಿತು. ರಾಜ್ಯದಲ್ಲೇ ಅತಿ ಹೆಚ್ಚು ಕಾಲೇಜು ಇರುವ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ? 53ರಿಂದ 55ರೊಳಗೆ. ಮಂಡ್ಯದ ರೈತನಿಗೆ ಯಾರೂ ಸೆಲ್ಫಿ ಸ್ಟ್ಯಾಂಡ್ ಇಟ್ಟಿರಲಿಲ್ಲ. ಅವನಿಗೆ ಹಾಲಿನ ಡೇರಿ ಚುನಾವಣೆ ಗೊತ್ತು, ಸೊಸೈಟಿ ಚುನಾವಣೆ ಗೊತ್ತು, ಪಂಚಾಯ್ತಿ ಚುನಾವಣೆ ಗೊತ್ತು. ಓಟು ಅವನ ದಿನದ ಬದುಕಿನ ಭಾಗ. ಬೆಂಗಳೂರಿನ ಪದವೀಧರನಿಗೆ ಐದು ವರ್ಷಕ್ಕೊಮ್ಮೆ ಬರುವ ರಜೆ. ಬೆಂಗಳೂರಿನ ಕಡಿಮೆ ಮತದಾನಕ್ಕೆ ಮತದಾರರ ಪಟ್ಟಿಯ ದೋಷ, ಬಾಡಿಗೆ ಮನೆ ಬದಲಾವಣೆ ಎಲ್ಲ ಕಾರಣ ಇರಬಹುದು. ಆದರೂ ಓಟಿನ ರುಚಿ ಹತ್ತಬೇಕಾದ ವಯಸ್ಸಿನಲ್ಲಿ ಅದನ್ನು ತಪ್ಪಿಸಿದ್ದಕ್ಕೆ ಏನೂ ಪರಿಣಾಮ ಇಲ್ಲ ಅಂತ ಹೇಳೋಕಾಗುತ್ತಾ?

ಹಾಗಾದರೆ ಏನು ಮಾಡಬೇಕು? ನಾಳೆ ಬೆಳಗ್ಗೆ ಎಲ್ಲ ಕಾಲೇಜಿಗೂ ಪಕ್ಷದ ಬಾವುಟ ಬರಲಿ ಅಂತ ಯಾರೂ ಕೇಳ್ತಿಲ್ಲ. ಲಿಂಗ್ಡೋ ನಿಯಮ ಕೈಯಲ್ಲಿದೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಮೊದಲು ಶುರು ಮಾಡಿ. ತರಗತಿಯಿಂದ ಆರಂಭಿಸಿ. ಹೆಣ್ಣುಮಕ್ಕಳಿಗೆ, ದಲಿತ ವಿದ್ಯಾರ್ಥಿಗಳಿಗೆ ಜಾಗ ಖಾತ್ರಿ ಮಾಡಿ, ಬೂಸಾ ಕಾಲದ ಪಾಠ ಮರೆಯೋದು ಬೇಡ. ಗೆದ್ದವರಿಗೆ ನಿಜವಾದ ಕೆಲಸ ಕೊಡಿ. ಹಾಸ್ಟೆಲ್ ಮೆಸ್ ಲೆಕ್ಕ ಅವರು ನೋಡಲಿ. ಎನ್‌ಎಸ್‌ಎಸ್ ಹುಡುಗರು ಹಳ್ಳಿಗೆ ಹೋದಾಗ ಗಿಡ ನೆಟ್ಟ ಮೇಲೆ ಒಂದು ಗ್ರಾಮಸಭೆಯಲ್ಲಿ ಕೂತು ಬರಲಿ. ರಾವ್ ಅವರ ಬಾಗಿಲು, ಶಂಕರಾನಂದರ ಬಾಗಿಲು ಎರಡೂ ಒಂದೇ ಮನೆಗೆ ತೆರೆಯಲಿ.

ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲದ ಕೆಲಸವೂ ಇದೆ. ಹದಿನೇಳು ತುಂಬಿದವರು ಈಗ ಮುಂಗಡವಾಗಿಯೇ ಮತದಾರರ ಪಟ್ಟಿಗೆ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು, ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಇವೆ. ನಮೂನೆ 6 ತುಂಬಿದರೆ ಆಯ್ತು. ಹಾಸ್ಟೆಲ್‌ನಲ್ಲಿ ಇರುವವರು ಊರಿನ ವಿಳಾಸದಲ್ಲಾದರೂ ಸರಿ, ಹಾಸ್ಟೆಲ್ ವಿಳಾಸದಲ್ಲಾದರೂ ಸರಿ, ಒಂದು ಕಡೆ ಹೆಸರು ಸೇರಿಸಬಹುದು. ಎರಡೂ ಕಡೆ ಬೇಡ, ಅದು ಅಪರಾಧ.

ಮತ್ತೆ ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿ. ನಿಮ್ಮ ಕ್ಲಾಸಿನ ಸಿಆರ್ ಯಾರು? ಅವರನ್ನ ಆರಿಸಿದ್ದು ಯಾರು? ಬರುವ ಉತ್ತರ ಕೇಳಿಸಿಕೊಳ್ಳಿ. ಮುಂದಿನ ಸಲ ನಿಮ್ಮ ಮನೆ ಬಾಗಿಲಿಗೆ ಓಟು ಕೇಳಲು ಬರುವ ಅಭ್ಯರ್ಥಿಯ ಮುಂದೆ ಅದೇ ವಿಷಯ ಇಡಿ. ನಮ್ಮ ಮಕ್ಕಳ ಓಟು ನಿಮಗೆ ಬೇಕು, ಅವರ ಕಾಲೇಜಿನಲ್ಲಿ ಅವರ ಓಟು ಅವರಿಗೆ ಯಾವಾಗ ಕೊಡ್ತೀರಿ? ಉತ್ತರ ಕೊಡೋಕೆ ಅವರು ಬಾಧ್ಯರು.